ಮೈನಸ್ಸಿನ ಜಾಗ

‘ಬೋರ್ಡಿನ ಮ್ಯಾಲ ನಾ ತಪ್ಪಿದ್ರ ಎದ್ದು ಹೇಳಬೇಕು, ಮುಲಾಜ ಮಾಡಬಾರದು,’ ಎಂದಿದ್ದರು ಗುರುಲಿಂಗಪ್ಪ ಮಾಸ್ತರು. ಹೇಳುತ್ತೇನೆಂದು ಮಾತು ಕೊಟ್ಟಾಗ ಸುಧಾಕರ ಪಿಯುಸಿ ಹುಡುಗ.

ಈಗ ಅವನೇ ಕಲಬುರಗಿಯಲ್ಲಿ ಫಿಸಿಕ್ಸ್ ಲೆಕ್ಚರರ್. ಶಹಾಬಜಾರದ ಮನೆಯಲ್ಲಿ ಕೂತು, ಮುಖ ಕಾಣದ ಹುಡುಗರ ಉತ್ತರಪತ್ರಿಕೆಗಳ ತಪ್ಪುಗಳಿಗೆ ಹಿಂದೆಮುಂದೆ ನೋಡದೆ ಕೆಂಪು ಗೆರೆ ಎಳೆಯುತ್ತಾನೆ. ಈ ಭಾನುವಾರ ಪಿಯುಸಿ ಓದುವ ಮಗಳು ಶೀಲಾಳೊಂದಿಗೆ ಮಾಸ್ತರ ಊರು ಕಮಲಾಪುರದಲ್ಲಿ ಬಸ್ಸು ಇಳಿದ.

ಮಾಸ್ತರ ಹೆಂಡತಿ ಕಸ್ತೂರಿಬಾಯಿ ಬಾಗಿಲಲ್ಲೇ ತಡೆದರು.

“ಮೊದಲಿನಂಗ ಇಲ್ಲಪಾ ಅವರು. ಲೆಕ್ಕ ತಪ್ಪಾಕತ್ತಾರ. ಮಂದಿ ನಗೋದ್ರೊಳಗ ಟ್ಯೂಷನ್ ಬಿಡಸು. ನೀ ಹೇಳಿದ್ರಷ್ಟ ಕೇಳ್ತಾರ.”

“ನೋಡೋಣ್ರಿ, ಅಮ್ಮಾ.”

“ನೋಡೋದೇನು? ಹೇಳು.”

ಪಡಸಾಲೆಯಲ್ಲಿ ನಾಲ್ಕೈದು ಮಕ್ಕಳು. ಮಾಸ್ತರ ಮುಖ ಅರಳಿತು.

“ಸಿಟಿ ಮಾಸ್ತರ ಬಂದಾನ. ಇನ್ನ ನನ್ನ ಕಿಮ್ಮತ್ತು ಮುಗೀತು. ಇಕಿ ನಿನ್ನ ಮಗಳೇನು? ಕೂಡವ್ವಾ, ಪೆನ್ನ ತಗಿ.”

ಬೋರ್ಡಿನ ಮೇಲೆ ಎರಡು ಸಮ ಚಾರ್ಜು: ಒಂದು ಪ್ಲಸ್, ಒಂದು ಮೈನಸ್. ನಟ್ಟನಡುವೆ ಒಂದು ಚುಕ್ಕಿ. ಅಲ್ಲಿ ಪೊಟೆನ್ಶಿಯಲ್, ಅಂದರೆ ವೋಲ್ಟೇಜು, ಎಷ್ಟು? ಒಂದರಲ್ಲಿ ಇನ್ನೊಂದು ಕಳೆದು ಸೊನ್ನೆ ಉಳಿಯಬೇಕು.

“ಇದಕ್ಕ ದಿಕ್ಕಿಲ್ಲ ನೋಡ್ರಿ,” ಎಂದರು ಮಾಸ್ತರು. ದನಿ ಹಳೆಯದೇ. “ಯಾವ ಕಡಿ ಅದಾನ ಅಂತ ಕೇಳಂಗಿಲ್ಲ. ಎಷ್ಟು ದೂರ ಅದಾನ, ಅಷ್ಟ.”

ಎರಡನೆಯ ಸಾಲಿನಲ್ಲಿ ಮೈನಸ್ ಬಿಟ್ಟುಹೋಯಿತು. ಎರಡನ್ನೂ ಕೂಡಿಸಿದರು. ಒಂದು ಲಕ್ಷ ಎಂಬತ್ತು ಸಾವಿರ ವೋಲ್ಟ್ ಎಂದು ಬರೆದು ಅಡಿಗೆರೆ ಎಳೆದರು.

“ಪಪ್ಪಾ, ಸೊನ್ನಿ ಬರಬೇಕಲ್ಲ?” ಶೀಲಾ ಪಿಸುಗುಟ್ಟಿದಳು.

ಅವನು ಅವಳ ಮಣಿಕಟ್ಟು ಹಿಡಿದ.

ಮಾಸ್ತರು ತಿರುಗಿದರು. ಮೀಸೆಯ ಮೇಲೆ ಸೀಮೆಸುಣ್ಣದ ಪುಡಿ.

“ಸುಧಾಕರ, ಬರೋಬ್ಬರಿ ಅದ ಏನು?”

ಚಿಕ್ಕಂದಿನಲ್ಲಿ ಶೀಲಾ ಪಾಟಿ ಹಿಡಿದು ಅವನೆದುರು ಹೀಗೇ ನಿಲ್ಲುತ್ತಿದ್ದಳು. ಬಾಗಿಲಲ್ಲಿ ಕಸ್ತೂರಿಬಾಯಿ ಕಾಯುತ್ತಿದ್ದರು.

“ಬರೋಬ್ಬರಿ ಅದರಿ, ಸರ್.”

ಕಸ್ತೂರಿಬಾಯಿ ಒಳಗೆ ಹೋದರು. ಮಕ್ಕಳು ಬರೆದುಕೊಂಡರು. ಶೀಲಾ ಅವನ ಮುಖವನ್ನೊಮ್ಮೆ ನೋಡಿ, ತಾನೂ ಬರೆದುಕೊಂಡಳು.

ಮಾಸ್ತರು ಮಾತ್ರ ಬೋರ್ಡಿನಿಂದ ಕಣ್ಣು ಕೀಳಲಿಲ್ಲ. ಏನೋ ಹೊಂದುತ್ತಿರಲಿಲ್ಲ. ಕೊನೆಗೆ ಚಿತ್ರದಲ್ಲಿದ್ದ ಮೈನಸ್ಸಿನ ಬಳಿ ಬಗ್ಗಿದರು.

“ಇಲ್ಲಿ ಒಂದು ಗೀಟ ಬಿಟ್ಟಿದ್ದೆ ನೋಡು,” ಎಂದು ನಕ್ಕು, ಮೇಲಿನಿಂದ ಕೆಳಗೆ ಗೆರೆ ಎಳೆದು ಅದನ್ನೂ ಪ್ಲಸ್ ಮಾಡಿದರು.

ಈಗ ಲೆಕ್ಕ ಸರಿಯಿತ್ತು. ಎರಡು ಪ್ಲಸ್ಸುಗಳ ನಡುವೆ ಚುಕ್ಕಿ. ಎರಡೂ ಕಡೆಯಿಂದ ಒಂದೇ ಸಮ ತಳ್ಳುತ್ತಿರುವುದರಿಂದ ಅದು ಎತ್ತಲೂ ಸರಿಯಲಾರದು.

ಕೊಟ್ಟ ಮಾತನ್ನು ಸುಧಾಕರ ನಡೆಸಲಿಲ್ಲ.