ನೋಡಿದವರ ಪಟ್ಟಿ

ವಕೀಲರ ಕಚೇರಿಯ ದಾಖಲೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಅವಳದೇ ಕಾರುಬಾರು. ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ಯಾವ ಕಾಗದ ಕೇಳಿದರೂ ಕಪಾಟಿಗೆ ಕೈ ಹಾಕಿ ಅದನ್ನೇ ತೆಗೆಯುವಳು. "ದೊಡ್ಡಕ್ಕನ ತಲೆ ಇರೋವಾಗ ನಮಗೆ ಕಪಾಟು ಯಾಕೆ?" ಎಂದು ವಕೀಲರು ಕಕ್ಷಿದಾರರ ಮುಂದೆ ಹೊಗಳಿದಾಗ, ಕೇಳಿಸದವಳಂತೆ ಫೈಲಿಗೆ ದಾರ ಕಟ್ಟುವಳು, ಕಿವಿ ಮಾತ್ರ ಅತ್ತಲೇ.

ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕೆಂದಾಗ ತನ್ನ ಓರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆತಂದವಳೂ ದೊಡ್ಡಕ್ಕನೇ. ಕೈಕೆಳಗೆ ಇರುತ್ತಾಳೆ ಅಂದುಕೊಂಡಿದ್ದಳು. ಬಂದವಳನ್ನು ಕಚೇರಿಯವರು ಚಿಕ್ಕಕ್ಕ ಅಂದರು. ಆರು ತಿಂಗಳಲ್ಲಿ ಅರ್ಧ ಕಪಾಟು ಖಾಲಿ. ಹೆಸರು ಒತ್ತಿದರೆ ಸಾಕು, ಕಾಗದ ಕಣ್ಣೆದುರು. ಇಮೇಲಿನಲ್ಲಿ ಕಳಿಸಿದರೆ ಕಕ್ಷಿದಾರರು ಮನೆಯಲ್ಲೇ ಕೂತು ಡಿಜಿಟಲ್ ಸಹಿ ಹಾಕುವರು. "ಚಿಕ್ಕಕ್ಕನ್ನ ಕೇಳಿ" ಅನ್ನುವುದು ವಕೀಲರಿಗೆ ರೂಢಿಯಾಯಿತು.

ಮನೆಯಲ್ಲೂ ಅದೇ ಪಾಡು. "ಫೋನಲ್ಲೇ ಸಹಿ ಹಾಕೋದು ಎರಡು ನಿಮಿಷದಲ್ಲಿ ಹೇಳಿಕೊಟ್ಟಳು ಕಣೇ!" ಎಂದು ಗಂಡ ಉಬ್ಬಿ ಹೇಳಿದಾಗ ಅವಳು ತಟ್ಟೆ ಸರಿಸಿ ಎದ್ದಳು. ಕೈಯಾರೆ ತಂದುಕೊಂಡ ಮಾರಿ, ಯಾರಿಗೆ ಹೇಳುವುದು?

ಆಗ ಒಂದು ಮನೆಯನ್ನು ಪಾಲು ಮಾಡುವ ಒಪ್ಪಂದ ಪತ್ರದ ಕೆಲಸ ಬಂತು. ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ತಂಗಿ ಟೈಲರ್. ಮೊದಲ ಕರಡಿನಲ್ಲಿ ಅವಳ ಹೆಸರಿರಲಿಲ್ಲ. ಮಾತುಕತೆಯಾದ ಮೇಲೆ, ಅವಳು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಹಿಂದಿನ ಎರಡು ಕೋಣೆ ಅವಳಿಗೇ ಎಂದು ಎರಡನೆಯ ಕರಡು ಆಗಿತ್ತು. ಚಿಕ್ಕಕ್ಕ ಕಂಪ್ಯೂಟರಿನಲ್ಲಿ ಕಳಿಸಲು ಇಟ್ಟಿದ್ದ ಪತ್ರವನ್ನು ದೊಡ್ಡಕ್ಕ ತೆರೆದು ನೋಡಿದಳು. ಹಳೆಯ ಕರಡು! ಮುಚ್ಚಿ, ಮತ್ತೆ ತೆರೆದಳು. ಹೌದು, ಅದೇ.

ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ವಕೀಲರ ದನಿ: "ಚಿಕ್ಕಕ್ಕ ಬಂದ ಮೇಲೆ ಒಂದೇ ಒಂದು ತಪ್ಪಾಗಿಲ್ಲ ನೋಡಿ."

ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಬೀಳಲಿ, ಒಂದು ಸಲ ಮುಗ್ಗರಿಸಿ ಬೀಳಲಿ. ತುಟಿ ಹೊಲಿದುಕೊಂಡು ಕೂತಳು. ಪತ್ರ ಹೋಯಿತು.

ಮರುದಿನ ಟೈಲರ್ ಏದುಸಿರು ಬಿಡುತ್ತ ಬಂದಳು. "ನನ್ನ ಕೋಣೆ ಎಲ್ಲಿ ಹೋಯ್ತು ಸಾರ್? ಅಣ್ಣಂದಿರಿಬ್ಬರೂ ಸಹಿ ಹಾಕಿಬಿಟ್ಟಿದ್ದಾರೆ. ಕೇಳಿದರೆ ಓದಲೇ ಇಲ್ಲ ಅಂತಾರೆ. ಅವರನ್ನ ಬಾಯಿಗೆ ಬಂದಂತೆ ಬೈದು, ಇನ್ನು ನಿಮ್ಮ ಮುಖ ನೋಡಲ್ಲ ಅಂತ ಹೇಳಿ ಬಂದೆ."

ವಕೀಲರು ಎಲ್ಲರೆದುರೇ ಚಿಕ್ಕಕ್ಕನ ಮೇಲೆ ಹರಿಹಾಯ್ದರು. ದೊಡ್ಡಕ್ಕ ಬಯಸಿದ್ದು ಇದನ್ನೇ. ಆದರೆ ಎದುರು ನಿಂತ ಟೈಲರನ್ನು ನೋಡಿ ಸುಖವಾಗಲಿಲ್ಲ.

ಚಿಕ್ಕಕ್ಕ ಪತ್ರ ರದ್ದು ಮಾಡಲು ಕೂತಳು. ಪಕ್ಕದಲ್ಲೇ ಪತ್ರ ತೆರೆದು ನೋಡಿದವರ ಪಟ್ಟಿ ಕಂಡಿತು: ಕಳಿಸುವ ಮುಂಚೆ ದೊಡ್ಡಕ್ಕ, ಎರಡು ಸಲ, ಗಂಟೆ ನಿಮಿಷದ ಸಮೇತ. ಒಮ್ಮೆ ಓರಗಿತ್ತಿಯ ಮುಖ ನೋಡಿದಳು. "ತಪ್ಪು ನಂದೇ ಸಾರ್" ಅಂದು ಸರಿಯಾದ ಕರಡು ಕಳಿಸಿದಳು.

ಮೆಟ್ಟಿಲ ಬಳಿ ಮೆಲ್ಲಗೆ ಕೇಳಿದಳು: "ಅಕ್ಕಾ, ನೋಡಿದ್ರಿ ಅಲ್ವಾ?"

"ಹೂಂ."

"ನನ್ನ ಮೇಲೆ ಸಿಟ್ಟಿದ್ರೆ ನಾಲ್ಕು ಬೈಬೇಕಿತ್ತು. ಆ ಹೆಂಗಸು ಏನು ಮಾಡಿತ್ತು ಪಾಪ?"

ದೊಡ್ಡಕ್ಕ ಸರಸರನೆ ಮೆಟ್ಟಿಲಿಳಿದಳು. ವಕೀಲರೆದುರು ತನ್ನನ್ನು ಬಿಟ್ಟುಕೊಡದೆ ಉಳಿಸಿದಳಲ್ಲ, ಆ ದೊಡ್ಡತನಕ್ಕೂ ಅವಳ ಹೊಟ್ಟೆ ಉರಿಯಿತು. ಇದರಲ್ಲೂ ಇವಳೇ ಮೇಲಾ?

ಮಧ್ಯಾಹ್ನ ದೊಡ್ಡಕ್ಕ ಆ ಅಣ್ಣಂದಿರು ನಡೆಸುವ ಅಂಗಡಿಗೆ ನಡೆದೇ ಹೋದಳು. "ನಿಮ್ಮ ತಂಗಿಗೆ ಮೋಸ ಮಾಡೋಕೆ ನೀವು ಹೊರಟಿದ್ದಲ್ಲ ಅಂತ ನಂಗೊತ್ತು. ತಪ್ಪು ಕಚೇರಿಯದು. ನಾನು ನೋಡಿಯೂ ಸುಮ್ಮನಿದ್ದೆ. ಇದನ್ನ ಅವಳಿಗೂ ಹೇಳ್ತೀನಿ" ಅಂದಳು. ಆ ತಂಗಿಯ ಮನೆಗೆ ಹೋಗಿ ಹೇಳಿಯೂ ಬಂದಳು. ಸಂಜೆ ವಕೀಲರೆದುರೂ ಅದನ್ನೇ ಹೇಳಿದಳು.

ವಕೀಲರು ಚಿಕ್ಕಕ್ಕನನ್ನೂ ಒಳಗೆ ಕರೆದರು. "ಇನ್ನು ಮೇಲೆ ಇಬ್ಬರೂ ಓದದೆ ಯಾವ ಕಾಗದವೂ ಹೊರಗೆ ಹೋಗೋ ಹಾಗಿಲ್ಲ" ಎಂದಷ್ಟೇ ಹೇಳಿದರು. ವಾರದೊಳಗೆ ಮೂವರ ಸಹಿಯೂ ಬಂತು. ಟೈಲರ್ ಅಣ್ಣಂದಿರ ಜೊತೆ ಮಾತಾಡತೊಡಗಿದಳು; ದೊಡ್ಡಕ್ಕ ಎದುರು ಸಿಕ್ಕರೆ ಮಾತ್ರ ಮುಖ ತಿರುಗಿಸುವಳು.

ಓರಗಿತ್ತಿಯರು ಒಂದೇ ಮೇಜಿಗೆ ಕೂತರು. ಚಿಕ್ಕಕ್ಕನ ಬೆರಳು ಓಡುವುದನ್ನು ಕಂಡರೆ ದೊಡ್ಡಕ್ಕನಿಗೆ ಈಗಲೂ ಒಳಗೆ ಚುರುಕ್ ಅನ್ನುತ್ತದೆ. ಮನೆಯಲ್ಲಿ ಅವರಿಬ್ಬರ ನಡುವೆ ಮೊದಲಿನ ಹಾಗೆ ನಗು ಬರಲು ಮೂರು ತಿಂಗಳು ಹಿಡಿಯಿತು.