ಮಂಗಳವಾರದ ಹಳದಿ ದೀಪ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇರಬಹುದು. ಆದರೆ ಎಂಜಿನ್ ಆಕಾರದ ಹಳದಿ ದೀಪವೊಂದು ವಾರಕ್ಕೊಮ್ಮೆ ಹತ್ತಿಕೊಂಡು, ಕಾರು ಓಡಿಸುವವರನ್ನೇ ದಿಟ್ಟಿಸುತ್ತ ಕೂತರೆ ಎಂಥ ತಣ್ಣನೆಯ ಮನುಷ್ಯರಿಗೂ ಪಿತ್ತ ನೆತ್ತಿಗೇರುತ್ತದೆ.

ಕಾರು ನನ್ನದು. ಹದಿನೆಂಟು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ, ನೋಟ್‌ಬುಕ್ಕಿನ ಕಟ್ಟು ಹಿಡಿದು ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ, ನನ್ನ ಸಂಬಳದಲ್ಲೇ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. "ಹಳೇ ಗಾಡಿ ಕಟ್ಕೊಂಡು ಒದ್ದಾಡ್ಬೇಡ ಕಣೇ" ಎಂದು ಗಂಡ ಹೇಳಿದ್ದರು. ನಾನು ಕೇಳಿರಲಿಲ್ಲ. ಹೀಗಾಗಿ ದೀಪ ಹತ್ತಿದಾಗಲೆಲ್ಲ ಅವರ ಮುಖವೂ ಬೆಳಗುತ್ತಿತ್ತು.

ಮೆಕ್ಯಾನಿಕ್ ಒಳ್ಳೆಯವನು. ಅವನ ಒಂದೊಂದು ತೋಳೂ ಒನಕೆಯಷ್ಟು ದಪ್ಪ. ಸ್ಟಿಯರಿಂಗಿನ ಕೆಳಗೆ ಒಂದು ಪುಟ್ಟ ಮಷಿನ್ ಸಿಕ್ಕಿಸಿ, "ಪೆಟ್ರೋಲ್ ಆವಿ ಎಲ್ಲೋ ಲೀಕ್ ಆಗ್ತಿದೆ ಟೀಚರ್" ಎನ್ನುತ್ತಿದ್ದ. ಟ್ಯಾಂಕಿನ ಮುಚ್ಚಳ ತೆಗೆದು, ರಬ್ಬರ್ ನೋಡಿ, ತಿರುಗಿಸಿ ಮುಚ್ಚಿ, "ಇದಂತೂ ಸರಿಯಾಗೇ ಇದೆ" ಎನ್ನುತ್ತಿದ್ದ. ಒಂದು ವಾರ ಪೈಪು ಬದಲಾಯಿಸಿದ, ಇನ್ನೊಂದು ವಾರ ವಾಲ್ವು. ದೀಪ ಆರಿಸಿ ಕೈಗೆ ಕೀ ಕೊಡುತ್ತಿದ್ದ. ಮುಂದಿನ ಸೋಮವಾರವೋ ಮಂಗಳವಾರವೋ ದೀಪ ಮತ್ತೆ ಹಾಜರು.

ಐದನೆಯ ಸಲ ಹತ್ತಿದಾಗ ಗಂಡ ಗಂಟಲು ಸರಿಮಾಡಿಕೊಂಡರು. "ನಮ್ಮ ಆಫೀಸಿನವರೊಬ್ಬರು ಈ ಕಾರು ತಗೋತಾರಂತೆ. ಬರೋ ವಾರ ಬಿಟ್ಟು ಆಮೇಲಿನ ಭಾನುವಾರ ನೋಡೋಕೆ ಬರ್ತಾರೆ. ಕೊಟ್ಟು ಕೈ ತೊಳ್ಕೊಳ್ಳೋಣ."

"ಅಷ್ಟರಲ್ಲಿ ನಾನು ಕಾರಣ ಕಂಡುಹಿಡೀತೀನಿ ರೀ. ಆಗ್ಲಿಲ್ಲ ಅಂದ್ರೆ ಧಾರಾಳವಾಗಿ ಕೊಟ್ಬಿಡಿ" ಎಂದುಬಿಟ್ಟೆ. ಸಿಟ್ಟಿನಲ್ಲಿ ಆಡಿದ ಮಾತು. ಮರುಕ್ಷಣವೇ ಸೋತರೆ ಏನು ಗತಿಯೆಂದು ಹೊಳೆಯಿತು. ಮತ್ತೆ ಆ ಬಸ್ಸು, ಮತ್ತೆ ಆ ನೋಟ್‌ಬುಕ್ಕಿನ ಕಟ್ಟು.

ಮನೆಯಲ್ಲಿರುವವರು ನಾವು ಮೂವರೇ: ನಾನು, ಗಂಡ, ಮಾವ. ಮಾವ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಕಾಂಪೌಂಡರ್ ಆಗಿ ಔಷಧಿ ಕೊಟ್ಟು ನಿವೃತ್ತರಾದವರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಒಂದೇ ಒಂದು ದೋಷವೆಂದರೆ ಮುಚ್ಚಳ. ಅವರು ಮುಟ್ಟಿದ ಯಾವ ಡಬ್ಬವನ್ನೂ ಮುಚ್ಚಳ ಹಿಡಿದು ಎತ್ತುವಂತಿರಲಿಲ್ಲ. ಮುಚ್ಚಳ ಕೈಯಲ್ಲಿ, ಸಕ್ಕರೆ ನೆಲದಲ್ಲಿ. ನಾನೂ ಗಂಡನೂ ಪ್ರತಿಯೊಂದು ಬಾಟಲಿಯನ್ನೂ ಹಸುಗೂಸಿನ ಹಾಗೆ ಅಡಿಗೆ ಕೈಕೊಟ್ಟು ಎತ್ತಲು ಎಂದೋ ಕಲಿತಿದ್ದೆವು. ಹೊರಗಿನ ಕೆಲಸವೆಂದು ಮಾವ ಉಳಿಸಿಕೊಂಡಿದ್ದು ಒಂದೇ. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ನನ್ನನ್ನು ಸ್ಪೆಷಲ್ ಕ್ಲಾಸಿಗೆ ಇಳಿಸಿ, ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಿದ್ದರು.

ಗಣಿತದವಳಲ್ಲವೇ, ಕಾಗದ ಪೆನ್ನು ಹಿಡಿದು ಕೂತೆ. ದೀಪ ಹತ್ತಿದ ತಾರೀಖುಗಳನ್ನೆಲ್ಲ ಬರೆದೆ. ಐದಕ್ಕೆ ಐದೂ ಪೆಟ್ರೋಲ್ ಹಾಕಿಸಿದ ಮೂರು ದಿನದೊಳಗೇ! ಸಿಕ್ಕಿಬಿದ್ದ ಕಳ್ಳ ಎಂದು ಮೇಜು ಗುದ್ದಿದೆ. ಬಂಕಿನವರು ಪೆಟ್ರೋಲಿಗೆ ಏನೋ ಬೆರೆಸುತ್ತಿದ್ದಾರೆ, ಅನುಮಾನವೇ ಇಲ್ಲ.

ಆ ಶನಿವಾರ ಸ್ಪೆಷಲ್ ಕ್ಲಾಸಿಗೆ ರಜೆ ಹಾಕಿ ಮಾವನ ಜೊತೆ ಹೊರಟೆ. ಬಂಕಿನಲ್ಲಿ ಇಳಿದದ್ದೇ, ಪೈಪು ಹಿಡಿದು ನಿಂತಿದ್ದ ಹೆಂಗಸಿನ ಮೇಲೆ ಹರಿಹಾಯ್ದೆ. "ಏನಮ್ಮಾ ಬೆರೆಸ್ತೀರ ಇದಕ್ಕೆ? ನೀರಾ, ಸೀಮೆಎಣ್ಣೆನಾ?"

"ಮೇಡಂ, ನಿಮ್ಮ ಹಿಂದೆ ಹನ್ನೊಂದು ಗಾಡಿ ನಿಂತಿವೆ. ಎಲ್ಲಕ್ಕೂ ಇದನ್ನೇ ಹಾಕೋದು. ಅವರ್ಯಾರೂ ಕೂಗಾಡ್ತಿಲ್ವಲ್ಲ?" ಎಂದು ಅವಳು ಪೆಟ್ರೋಲ್ ಹಾಕಿ ಮುಗಿಸಿ, ಪೈಪು ತೆಗೆದು ಮುಚ್ಚಳಕ್ಕೆ ಕೈಹಾಕಿದಳು.

"ಬಿಡಮ್ಮಾ, ನಾನೇ ಮುಚ್ತೀನಿ" ಎಂದರು ಮಾವ.

"ಸರ್ ಯಾವತ್ತೂ ನಮಗೆ ಮುಟ್ಟೋಕೇ ಬಿಡಲ್ಲ" ಎಂದು ಅವಳು ನಕ್ಕಳು.

ಮಾವ ಎರಡೇ ಬೆರಳಿನಲ್ಲಿ ಮುಚ್ಚಳ ಕೂರಿಸಿ, ಅರ್ಧ ಸುತ್ತು ತಿರುಗಿಸಿ, ಕರವಸ್ತ್ರದಿಂದ ಒರೆಸಿ ಹಿಂದೆ ಸರಿದರು. ನನಗೆ ಮನೆಯ ಸಕ್ಕರೆ ಡಬ್ಬ ನೆನಪಾಯಿತು. ಅವರು ಕಾರಿನೊಳಗೆ ಕೂತ ಮೇಲೆ ಮುಟ್ಟಿ ನೋಡಿದರೆ ಮುಚ್ಚಳ ಅಲ್ಲಾಡುತ್ತಿತ್ತು. ತಿರುಗಿಸಿದೆ. ಟಕ್, ಟಕ್, ಟಕ್. ಬಂಕಿನವಳಿಗೆ ತಪ್ಪಾಯಿತಮ್ಮ ಎಂದೆ. ಹನ್ನೊಂದು ಗಾಡಿಯವರೂ ಕೇಳಿಸಿಕೊಂಡರು.

ದಾರಿಯಲ್ಲಿ, ಆದಷ್ಟು ಮೆತ್ತಗೆ ಕೇಳಿದೆ. "ಮಾವ, ನೀವು ಯಾವ ಮುಚ್ಚಳನೂ ಯಾಕೆ ಗಟ್ಟಿ ಮುಚ್ಚಲ್ಲ?"

ಅವರು ರಸ್ತೆಯಿಂದ ಕಣ್ಣು ತೆಗೆಯದೆಯೇ ಹೇಳಿದರು. "ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಗೆ ಜ್ವರದ ಔಷಧಿ ಕೊಟ್ಟಿದ್ದೆನಮ್ಮ. ನಾಲ್ಕು ದಿನ ಬಿಟ್ಟು ಬಂದ್ರು. ಜ್ವರ ಇನ್ನೂ ಜಾಸ್ತಿ ಆಗಿತ್ತು, ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮುಚ್ಚಳ ತೆಗೆಯೋಕೆ ಆಗಿಲ್ಲ. ಯಾರನ್ನ ಕೇಳೋದು ಅಂತ ಸುಮ್ನಿದ್ರಂತೆ. ಅವತ್ತಿಂದ ನಾನು ಏನನ್ನೂ ಗಟ್ಟಿ ಮುಚ್ಚಿಲ್ಲ. ಮುಂದೆ ತೆಗೆಯೋರು ಯಾರೋ, ಅವರ ಕೈಲಿ ಎಷ್ಟು ಶಕ್ತಿ ಇರುತ್ತೋ." ಆಮೇಲೆ ನನ್ನ ಕಡೆ ತಿರುಗಿ, "ಯಾಕಮ್ಮ, ಇದನ್ನ ಗಟ್ಟಿ ಮುಚ್ಬೇಕಿತ್ತಾ?" ಎಂದರು.

ತಪ್ಪು ಲೆಕ್ಕ ಮಾಡಿದ ಮಕ್ಕಳನ್ನು ನಾನು ಒಂದು ದಿನವೂ ಸುಮ್ಮನೆ ಬಿಟ್ಟವಳಲ್ಲ. ಆದರೆ ಅಂದು ಬಿಟ್ಟೆ. "ಹಾಗೇನಿಲ್ಲ ಮಾವ, ಸುಮ್ನೆ ಕೇಳ್ದೆ" ಎಂದೆ.

ಸೋಮವಾರ ದೀಪ ಹತ್ತಲಿಲ್ಲ. ಮಂಗಳವಾರವೂ ಇಲ್ಲ. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿಯೇಬಿಟ್ಟರು. "ಏನು, ಈ ವಾರ ದೀಪಕ್ಕೆ ರಜೆನಾ? ಕಾರಣ ಸಿಕ್ತಾ?"

ಮಾವನ ಕೈ ತಟ್ಟೆಯ ಮೇಲೆ ನಿಂತಿತು.

ನಿಮ್ಮಪ್ಪ ಎಂಬ ಒಂದೇ ಮಾತು ಸಾಕಿತ್ತು. ಕಾರೂ ಉಳಿಯುತ್ತಿತ್ತು, ಇಷ್ಟು ದಿನದ ಜಗಳದಲ್ಲಿ ಗೆಲುವೂ ನನ್ನದೇ ಆಗುತ್ತಿತ್ತು. ಗೆಲ್ಲುವುದೆಂದರೆ ನನಗೆ ಎಷ್ಟು ಇಷ್ಟ ಎಂದು ಹೇಳಿಕೊಳ್ಳಲೂ ನಾಚಿಕೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ನುಂಗಿಕೊಂಡೆ.

"ನಾನೇ ರೀ. ಟ್ಯಾಂಕಿನ ಮುಚ್ಚಳ ತೆಗೆದು ತೆಗೆದು ನೋಡೋ ಚಾಳಿ ನಂಗೆ. ಸರಿಯಾಗಿ ಮುಚ್ತಿರ್ಲಿಲ್ಲ."

ಗಂಡ ನೆತ್ತಿಗೆ ಹತ್ತುವಷ್ಟು ನಕ್ಕರು. "ಕಾರು ಸರಿಯಾಗೇ ಇದೆ, ರಿಪೇರಿ ಆಗ್ಬೇಕಾಗಿರೋದು ಡ್ರೈವರ್!" ಊಟ ಮುಗಿಯುವ ಮೊದಲೇ ಆಫೀಸಿನವರಿಗೆ ಫೋನ್ ಮಾಡಿ, ಕಾರು ಕೊಡುವುದಿಲ್ಲವೆಂದು ಹೇಳಿ, ಯಾಕೆ ಎಂಬುದನ್ನೂ ಉಪ್ಪು ಖಾರ ಹಚ್ಚಿ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಮಾವ ತಟ್ಟೆ ತೊಳೆದಿಟ್ಟು ಹೋದರು.

ಬೆಳಿಗ್ಗೆ ಕಾಫಿ ಮಾಡಲು ಹೋದರೆ ಸಕ್ಕರೆ ಡಬ್ಬದ ಮುಚ್ಚಳ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕಾಫಿಪುಡಿಯದೂ ಇಲ್ಲ, ಉಪ್ಪಿನದೂ ಇಲ್ಲ. ಬಚ್ಚಲಿನಿಂದ ಗಂಡನ ಕೂಗು ಕೇಳಿಸಿತು. "ಈ ಶಾಂಪೂ ಬಾಟಲಿಗೆ ಏನಾಗಿದೆ ಕಣೇ? ಪೇಸ್ಟಿಂದೂ ಬರ್ತಿಲ್ಲ!"

ಸಕ್ಕರೆ ಡಬ್ಬ ಹಿಡಿದು ಹಜಾರಕ್ಕೆ ಬಂದೆ. ಮಾವ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಕೂತಿದ್ದರು. ಕಾರಿನ ಕೀ ಮಾತ್ರ ಗೋಡೆಯ ಮೊಳೆಯಲ್ಲೇ ಇತ್ತು, ತೆಗೆದುಕೊಂಡಿರಲಿಲ್ಲ.

"ಈಗ ಸರಿಯಾಗಿದೆಯಾಮ್ಮ?" ಎಂದು ತಲೆ ತಗ್ಗಿಸಿಯೇ ಕೇಳಿದರು.

ಕೀ ತೆಗೆದು ಅವರ ಕೈಗಿಟ್ಟೆ. "ಮಾವ, ಕಾರಿಂದು ಮಾತ್ರ ಮೂರು ಸಲ ಟಕ್ ಅನ್ನೋವರೆಗೂ ತಿರುಗಿಸಿ. ಮನೇಲಿ ನಿಮ್ಮ ಹಳೇ ಪದ್ಧತಿನೇ ಇರ್ಲಿ. ನನ್ನ ಕೈಲಿ ಅಷ್ಟು ಶಕ್ತಿ ಇಲ್ಲ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಡಬ್ಬ ತೆಗೆದುಕೊಂಡು ಒಂದೇ ತಿರುವಿಗೆ ಬಿಚ್ಚಿದರು. ಆಮೇಲೆ ಎರಡು ಬೆರಳಿನಲ್ಲಿ ಮುಚ್ಚಳ ಕೂರಿಸಿ, ಅರ್ಧ ಸುತ್ತು ತಿರುಗಿಸಿ, ಕರವಸ್ತ್ರದಿಂದ ಒರೆಸಿ ನನಗೆ ಕೊಟ್ಟರು.

ನಾನು ಅದರ ಅಡಿಗೆ ಕೈಕೊಟ್ಟು ಎತ್ತಿಕೊಂಡು ಅಡುಗೆಮನೆಗೆ ಹೋದೆ.