ಸುಗ್ಗಿ ಹಬ್ಬಕ್ಕೆ ಕೊಟ್ಟ ಕೋಳಿ

ಎಸ್ತೇರಮ್ಮನ ಮನೆಯಲ್ಲಿ ದೇವರಿಗೆ ಕೊಡಬಹುದಾದದ್ದು ಅಂತ ಇದ್ದದ್ದು ಒಂದೇ, ಆ ಕೆಂಚು ಕೋಳಿ. ಹಲಸೂರಿನ ಗಲ್ಲಿಯಲ್ಲಿ, ಬಾಗಿಲ ಪಕ್ಕದ ಒಂದು ಚೂರು ಜಾಗದಲ್ಲಿ ಮಂಕರಿ ಮುಚ್ಚಿ ಸಾಕಿದ್ದಳು. ಅದು ಇಟ್ಟ ಮೊಟ್ಟೆಯನ್ನು ಬೇಯಿಸಿ, ಕಿವುಚಿ, ಲಕ್ವ ಹೊಡೆದು ಮಲಗಿದ್ದ ಗಂಡ ದೇವಸಹಾಯನಿಗೆ ತಿನ್ನಿಸುತ್ತಿದ್ದಳು. ಬಲಗೈ ಹೋದದ್ದನ್ನಾದರೂ ಅವಳು ಸಹಿಸಿಕೊಂಡಾಳು, ಮಾತು ಹೋದದ್ದನ್ನು ಸಹಿಸಲಾಗಲಿಲ್ಲ. ಆಯುಷ್ಯವಿಡೀ ಬಾಯಿ ಮುಚ್ಚದೆ ವಾದ ಮಾಡಿದ ಮನುಷ್ಯ ಅವನು.

"ಕರ್ತನೇ, ಅವರಿಗೆ ಮಾತು ಕೊಡು, ನನ್ ಕೋಳಿ ನಿಂಗೆ," ಎಂದು ಒಂದು ದಿನ ಅವನ ಹಾಸಿಗೆ ಪಕ್ಕದಲ್ಲೇ ಗಟ್ಟಿಯಾಗಿ ಪ್ರಾರ್ಥಿಸಿಬಿಟ್ಟಳು. ಹರಕೆ ಅಂದರೆ ಚರ್ಚಿನ ಅಯ್ಯನವರ ಮುಖ ಗಂಟಾಗುತ್ತದೆ, ಅದಕ್ಕೇ ಅವರಿಗೆ ಹೇಳಲಿಲ್ಲ. ಸ್ವಲ್ಪ ದಿನಕ್ಕೇ ದೇವಸಹಾಯ ನಾಲಿಗೆ ತಿರುಚಿ "ನೀ... ರು" ಎಂದ. ಎಸ್ತೇರಮ್ಮ ನೀರು ತರುವುದನ್ನೂ ಮರೆತು ಅಲ್ಲೇ ಕೂತು ಅತ್ತಳು.

ಮನೆಯಿಂದಾಚೆ ಪಕ್ಕದ ಮನೆಯ ಶರ್ಫುನ್ನೀಸಾಗೆ ಮಾತ್ರ ವಿಷಯ ಗೊತ್ತಿತ್ತು. "ಕೋಳಿ ಕೊಟ್ಬಿಟ್ರೆ ಭಾಯ್‌ಗೆ ಮೊಟ್ಟೆ ಎಲ್ಲಿಂದ ತರ್ತೀಯಕ್ಕಾ?" ಎಂದು ಕೇಳಿದಳು.

"ಕೊಡ್ತೀನಿ ಅಂತ ಬಾಯಿ ಬಿಟ್ಟಿದ್ದೀನಿ. ಕೊಡ್ದಿದ್ರೆ ಇವರ ಮಾತ್ನ ಕರ್ತನು ವಾಪಸ್ ತಗೊಂಡ್ಬಿಟ್ರೆ?"

ಬೆಂಗಳೂರು ದಂಡು ಪ್ರದೇಶದಲ್ಲಿದ್ದ ಅವರ ಚರ್ಚಿನಲ್ಲಿ ಹೊಲ ಇರುವವರು ಒಬ್ಬರೂ ಇಲ್ಲ, ಆದರೂ ಸುಗ್ಗಿ ಹಬ್ಬ ಮಾತ್ರ ತಪ್ಪುವುದಿಲ್ಲ. ಕುಂಬಳಕಾಯಿ, ಕಬ್ಬು, ಬಾಳೆಗೊನೆ, ಕೇಕು, ಕೈಲಾದದ್ದನ್ನು ತಂದು ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು, ಬಂದ ದುಡ್ಡು ಸಭೆಯ ಕೆಲಸಕ್ಕೆ. ರಸೆಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಜೀವ ತೆಗೆಯುವವರೇ ಇಲ್ಲಿ ಒಂದು ನಿಂಬೆಹಣ್ಣಿಗೆ ಚಿನ್ನದ ಬೆಲೆ ಕೂಗುತ್ತಾರೆ.

ಎಸ್ತೇರಮ್ಮ ಕೋಳಿಯ ಕಾಲಿಗೆ ಹಳೆ ಸೀರೆಯ ಅಂಚು ಕಟ್ಟಿ ತಂದು, ಕುಂಬಳಕಾಯಿಗಳ ನಡುವೆ ಇಟ್ಟಳು. ಇಟ್ಟ ಮೇಲೆ ಎದೆ ಹಗುರಾಯಿತು. ನಾಳೆಯಿಂದ ಮೊಟ್ಟೆ ಇಲ್ಲ, ಇರಲಿ, ಹೇಳಿದ್ದನ್ನು ನಡೆಸಿಕೊಟ್ಟಾಗಿತ್ತು.

ಹರಾಜಿನಲ್ಲಿ ಇಂದಿರಾನಗರದ ಪ್ರೇಮ್‌ಕುಮಾರ್ ಉಳಿದವರೆಲ್ಲ ಬಾಯಿ ಮುಚ್ಚುವಷ್ಟು ಕೂಗಿ ಕೋಳಿಯನ್ನು ಹಿಡಿದ. ಹಿಡಿದವನು ನೇರವಾಗಿ ಎಸ್ತೇರಮ್ಮನ ಹತ್ತಿರ ಬಂದು ಅದನ್ನು ಅವಳ ಮಡಿಲಿಗೇ ಇಟ್ಟ. "ಮನೇಲಿ ಪೇಷೆಂಟ್ ಇದ್ದಾರಂತೆ, ಅಯ್ಯನೋರು ಹೇಳಿದ್ರು. ನೀವೇ ಇಟ್ಕೊಳ್ಳಿ ಅಮ್ಮಾ."

ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಯಾರೋ ಫೋಟೊ ಹೊಡೆದರು. ಪ್ರೇಮ್‌ಕುಮಾರ್ ಕೆಟ್ಟವನಲ್ಲ, ತೊಂದರೆ ಇದ್ದದ್ದೇ ಅಲ್ಲಿ, ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರಿಗೆ ಹೋಗುತ್ತಿದ್ದದ್ದನ್ನೇ ತಡೆದಿದ್ದರು, ಅದೂ ನಗುನಗುತ್ತಾ.

ಜನ ಕರಗಿದ ಮೇಲೆ ಎಸ್ತೇರಮ್ಮ ಅಯ್ಯನವರನ್ನು ಹಿಡಿದಳು. "ಇದನ್ನ ಇಲ್ಲೇ ಇಟ್ಕೊಂಡ್ಬಿಡಿ ಅಯ್ಯನೋರೇ. ನಾನು ದೇವ್ರಿಗೆ ಕೊಟ್ಟಿದ್ದು."

"ದೇವರಿಗೆ ಸೇರಿತಲ್ಲಮ್ಮಾ. ಅವರು ದುಡ್ಡು ಕಟ್ಟಿದ್ದಾರೆ."

"ಅದು ಅವರ ದುಡ್ಡು. ನಂದೇನು ಸೇರ್ತು?"

ಅಯ್ಯನವರಿಗೆ ಊಟದ ಪಂಕ್ತಿ ನೋಡುವುದಿತ್ತು. "ಒಳ್ಳೆ ಮನಸ್ಸಿಂದ ಕೊಟ್ಟಿದ್ದಾರೆ, ಸಂತೋಷವಾಗಿ ತಗೊಂಡು ಹೋಗಿ," ಎಂದು ಬೆನ್ನು ತಟ್ಟಿ ಹೊರಟರು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ. ಕೋಳಿ ತಿರುಗಿ ಬಂತು ಅಂದರೆ ಕೊಡು-ಕೊಳ್ಳುವಿಕೆ ಮುರಿಯಿತು ಅಂತ ತಾನೇ? ಹಾಗಾದರೆ ಕರ್ತನು ಗಂಡನಿಗೆ ಕೊಟ್ಟ ಮಾತು? ಕೆರೆಯ ಪಕ್ಕ ನಿಂತು ಕೋಳಿಯನ್ನು ಅಲ್ಲೇ ಬಿಟ್ಟುಬಿಡಲೇ ಎಂದು ಯೋಚಿಸಿದಳು. ನಾಯಿಗಳಿಗೆ ಹಾಕಿದರೆ ದೇವರಿಗೆ ಹಾಕಿದಂತಾಗುವುದಿಲ್ಲ ಎನ್ನಿಸಿ ಮತ್ತೆ ಕಂಕುಳಿಗೆ ಸೇರಿಸಿದಳು.

ದೇವಸಹಾಯ ಗೋಡೆಗೆ ಒರಗಿ ಕೂತಿದ್ದ. ಎಸ್ತೇರಮ್ಮ ಹೊಸಿಲಲ್ಲೇ ನಿಂತು, "ರೀ, ಏನಾದ್ರೂ ಮಾತಾಡ್ರೀ," ಎಂದಳು.

ಅವನು ಅವಳನ್ನು ನೋಡಿದ, ಆಮೇಲೆ ಕಂಕುಳಲ್ಲಿದ್ದ ಕೋಳಿಯನ್ನು ನೋಡಿದ. ತುಟಿ ಸೊಟ್ಟಗಾಯಿತು, ಗಂಟಲು ಗೊರಗುಟ್ಟಿತು, ಮಾತು ಹೊರಡಲಿಲ್ಲ.

"ದೇವ್ರಿಗೆ..." ಎಂದ ಕೊನೆಗೆ. ಉಸಿರೆಳೆದುಕೊಂಡು ಮತ್ತೆ ಶುರು ಮಾಡಿದ. "ದೇವ್ರಿಗೆ... ಬೇಡ್ವಂತಾ?"

ಮಾತು ಹೋಗಿರಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಉತ್ತರಕ್ಕಾಗಿ ಅವನು ಅವಳ ಮುಖವನ್ನೇ ನೋಡುತ್ತಿದ್ದ, ಎಸ್ತೇರಮ್ಮ ಕೋಳಿಯನ್ನು ಕಂಕುಳಿಂದ ಬಿಡದೆ ಹೊಸಿಲ ಮೇಲೆ ಕೂತಳು.